ಲಿನಕ್ಸ್ ಕಾವಿನ ಇಡ್ಲಿ

ಮೈಸೂರಿನ ಚಳಿಗಾಲದಲ್ಲಿ ನಮ್ಮನೆಯ ಇಡ್ಲಿ ಹಿಟ್ಟು ಸರಿಯಾಗಿ ಹುದುಗುವುದಿಲ್ಲ. ಒಂದು ಜನವರಿಯಲ್ಲಿ ಅದನ್ನು ಸರಿಪಡಿಸಿದವಳು ನಾನು, ಅದೂ ನನಗೇ ಗೊತ್ತಿಲ್ಲದೆ.

ಮಗಳು ಹುಟ್ಟಿದ ಮೇಲೆ ಸಾಫ್ಟ್‌ವೇರ್ ಕೆಲಸ ಬಿಟ್ಟು ಏಳು ವರ್ಷವಾಗಿತ್ತು. ಸಂದರ್ಶನಕ್ಕೆ ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಇಷ್ಟು ವರ್ಷ ಏನ್ ಮಾಡ್ತಿದ್ರಿ ಮೇಡಂ?" ಕತ್ತೆ ಕಾಯ್ತಿದ್ದೆ ಎನ್ನೋಣ ಅನ್ನಿಸುತ್ತಿತ್ತು, ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಕೊನೆಗೆ ಊರಿನದೇ ಒಂದು ಸಣ್ಣ ಕಂಪನಿಯವರು ಅಂಗೈಯಗಲದ ಕಂಪ್ಯೂಟರ್ ಬೋರ್ಡೊಂದನ್ನು ಕೈಗಿಟ್ಟು, "ಇದಕ್ಕೆ ನೀವೇ ಲಿನಕ್ಸ್ ಕಟ್ಟಿ, ಬೂಟ್ ಮಾಡಿ ತೋರಿಸಿ. ಯುಗಾದಿಯೊಳಗೆ ತಂದರೆ ಕೆಲಸ ನಿಮ್ಮದು" ಎಂದರು.

ಲಿನಕ್ಸ್ ಎಂದರೆ ಯಂತ್ರವನ್ನು ಎಬ್ಬಿಸಿ ನಡೆಸುವ ತಂತ್ರಾಂಶ. ಅದನ್ನು ಕಟ್ಟುವ ಕೆಲಸಕ್ಕೆ ಬಿಲ್ಡ್ ಎಂದು ಹೆಸರು: ಸಾವಿರಾರು ಫೈಲುಗಳನ್ನು ಲ್ಯಾಪ್‌ಟಾಪಿನಲ್ಲಿ ಅರೆದು, ಬೋರ್ಡಿಗೆ ಜೀರ್ಣವಾಗುವಂತೆ ಮಾಡಿಕೊಡುವುದು. ನನ್ನ ಹಳೇ ಲ್ಯಾಪ್‌ಟಾಪಿಗೆ ಅದು ಐದಾರು ಗಂಟೆಯ ಕೆಲಸ. ಸಂಜೆ ಬಿಲ್ಡ್ ಹಾಕಿದರೆ ಫ್ಯಾನ್ ಭರ್ರೆನ್ನುತ್ತಾ ಹಿಂಬದಿಯಿಂದ ಬಿಸಿಗಾಳಿ ಉಗುಳುತ್ತಿತ್ತು. ಎರಡನೇ ದಿನವೇ ಆ ಗಾಳಿಗೆ ಅಡ್ಡಲಾಗಿ ಹಿಟ್ಟಿನ ಪಾತ್ರೆಯೊಂದು ಹಳೇ ಶಾಲು ಹೊದ್ದು ಕೂತಿತ್ತು.

"ಇದೇನು ಒಲೆ ಅಂದ್ಕೊಂಡ್ರಾ ಅತ್ತೆ?" ಎಂದೆ.

"ಕಾವು ಸುಮ್ನೆ ಪೋಲಾಗ್ತಿತ್ತು ಕಣಮ್ಮ. ಇರ್ಲಿ ಬುಡು."

ಬೆಳಗ್ಗೆ ಹಿಟ್ಟು ಪಾತ್ರೆಯ ಅಂಚಿಗೆ ಬಂದಿತ್ತು. ಬೋರ್ಡ್ ಮಾತ್ರ ಏಳಲಿಲ್ಲ. ಅದಕ್ಕೆ ಜೋಡಿಸಿದ್ದ ಲ್ಯಾಪ್‌ಟಾಪಿನ ಪರದೆಯಲ್ಲಿ, ಲಿನಕ್ಸ್ ಇನ್ನೇನು ಶುರುವಾಗುತ್ತದೆ ಎಂಬ ಒಂದು ಸಾಲು ಬರುತ್ತಿತ್ತು, ಆಮೇಲೆ ಗಪ್‌ಚುಪ್. ಎರಡು ನಿಮಿಷ ಕಾದು, ಬಾಯಿಗೆ ಬಂದಂತೆ ಬೈದು, ಬೋರ್ಡಿನ ಕರೆಂಟ್ ವೈರ್ ಕಿತ್ತುಹಾಕುತ್ತಿದ್ದೆ. ಯಾವುದರ ಮೇಲೂ ನಂಬಿಕೆಯಿಲ್ಲದೆ ಎಲ್ಲ ಅಳಿಸಿ, ಸಂಜೆ ಮತ್ತೆ ಮೊದಲಿನಿಂದ ಬಿಲ್ಡ್ ಹಾಕುತ್ತಿದ್ದೆ.

ಸಂಜೆಯಾದರೆ ಸಾಕು, "ಬಿಲ್ಡ್ ಹಾಕ್ತೀಯೇನಮ್ಮ? ಅರೆದಿಟ್ಟಿದೀನಿ" ಎಂದು ಅತ್ತೆ ಹಾಜರ್. ಇಲ್ಲಿ ನನ್ನ ಬದುಕು ನೇತಾಡುತ್ತಿದೆ, ಇವರಿಗೆ ಇಡ್ಲಿ ಚಿಂತೆ ಎಂದು ಮೈ ಉರಿಯುತ್ತಿತ್ತು. ಇಡ್ಲಿ, ದೋಸೆ, ಪಡ್ಡು, ಉತ್ತಪ್ಪ ಎಲ್ಲ ಸುತ್ತು ಹಾಕಿ ಮತ್ತೆ ಇಡ್ಲಿಗೇ ಬಂದವು. "ಮತ್ತೆ ಇಡ್ಲೀನಾ?" ಎಂದು ಮಗಳು ರಾಗ ತೆಗೆಯುತ್ತಿದ್ದಳು. ಬರಬರುತ್ತಾ ಇಡ್ಲಿ ಹುಳಿ ಬೇರೆ ಹೊಡೆಯತೊಡಗಿತು.

ಶಿವರಾತ್ರಿ ಕಳೆದು ವಾರವಾದಾಗ ನಾನು ಕೈಚೆಲ್ಲಿದೆ. ಲ್ಯಾಪ್‌ಟಾಪ್ ಮುಚ್ಚಿ, "ಸಾಕು, ಇದು ನನ್ನ ಕೈಲಾಗಲ್ಲ" ಎಂದೆ.

"ಅಯ್ಯೋ, ಅರೆದ್ಬುಟ್ಟಿದೀನಲ್ಲಮ್ಮ. ಇದೊಂದಿನ ಹಾಕ್ಬುಡು" ಎಂದರು ಅತ್ತೆ. ಹಿಟ್ಟು ಹಾಳಾಗಬಾರದಲ್ಲ ಎಂದು ಹಾಕಿದೆ. ಮರುದಿನವೂ ಅದೇ ಮಾತು. ಅದರ ಮರುದಿನವೂ.

ಹಾಗೆ ಒಂದು ಬೆಳಗ್ಗೆ ಬೋರ್ಡಿಗೆ ಕರೆಂಟ್ ಕೊಟ್ಟು, ಮತ್ತದೇ ಗಪ್‌ಚುಪ್ ನೋಡಿ, ವೈರ್ ಕೀಳುವಷ್ಟೂ ತಾಳ್ಮೆಯಿಲ್ಲದೆ ಎದ್ದುಹೋಗಿ ಮಗಳಿಗೆ ಜಡೆ ಹೆಣೆಯುತ್ತಿದ್ದೆ. ಅವಳು ಮುಟ್ಟದಿರಲಿ ಎಂದು ಬೋರ್ಡನ್ನು ಸಿಹಿತಿಂಡಿಯ ಖಾಲಿ ಡಬ್ಬದೊಳಗೆ ಇಟ್ಟಿರುತ್ತಿದ್ದೆ. ಪಾತ್ರೆ ತೆಗೆಯಲು ಹೋದ ಅತ್ತೆ ಅದರ ಮುಚ್ಚಳ ಎತ್ತಿ ನೋಡಿದರು.

"ಇದು ಸತ್ತಿಲ್ಲ ಕಣಮ್ಮ. ದೀಪ ಎರಡು ಸಲ ಮಿಣುಕ್ತದೆ, ಸುಮ್ನಾಗ್ತದೆ, ಮತ್ತೆರಡು ಸಲ ಮಿಣುಕ್ತದೆ. ಎದೆ ಬಡ್ಕೊಂಡಂಗೆ."

ಜಡೆ ಅರ್ಧಕ್ಕೇ ಬಿಟ್ಟು ಓಡಿದೆ. ಹಾಗೆ ಮಿಣುಕುವುದು ಲಿನಕ್ಸ್ ಎದ್ದಿದ್ದರೆ ಮಾತ್ರ! ಅಂದರೆ ಇಷ್ಟು ದಿನವೂ ಅದು ಎದ್ದೇ ಇತ್ತು. ಬೋರ್ಡಿಗೆ ಮಾತಾಡುವ ಬಾಗಿಲು ಮೂರಿದ್ದವು. ನಾನು ಒಂದರ ಮುಂದೆ ಕಾದು ಕೂತಿದ್ದರೆ ಅದು ಇನ್ನೊಂದರಲ್ಲಿ ವರದಿ ಒಪ್ಪಿಸುತ್ತಿತ್ತು. ಎಡವಟ್ಟು ನನ್ನದೇ. ನಾನು ಬರೆದುಕೊಟ್ಟ ಒಂದು ಸಾಲಿನಲ್ಲಿ ಬಾಗಿಲಿನ ನಂಬರ್ ತಪ್ಪಿತ್ತು. ತಿದ್ದಿ ಮತ್ತೆ ಕರೆಂಟ್ ಕೊಟ್ಟೆ. ಪರದೆಯ ತುಂಬ ಸಾಲುಗಳು ದಬದಬ ಉದುರಿ, ಕೊನೆಗೆ ಬೋರ್ಡು ಲಾಗಿನ್ ಕೇಳುತ್ತಾ ನಿಂತಿತು. ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿದರು.

ಯುಗಾದಿಗೆ ನಾಲ್ಕು ದಿನವಿರುವಾಗ ಬೋರ್ಡನ್ನು ಅದೇ ಡಬ್ಬದಲ್ಲಿ ಒಯ್ದು ತೋರಿಸಿದೆ. ಕೆಲಸ ಸಿಕ್ಕಿತು. ಮನೆಗೆ ಬಂದವಳೇ ಅಡುಗೆಮನೆಗೆ ನುಗ್ಗಿ ಅತ್ತೆಗೆ ಸುದ್ದಿ ಹೇಳಿ, ಖುಷಿಯಲ್ಲಿ ಕೊಂಚ ಕೆಣಕಿದೆ: "ಇನ್ಮೇಲೆ ಸಂಜೆ ಬಿಲ್ಡ್ ಇಲ್ಲ. ಹಿಟ್ಟಿಗೇನು ಮಾಡ್ತೀರಿ?"

ಅತ್ತೆ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡರು. "ಈ ಸೆಕೇಲಿ ಹಿಟ್ಟಿಗೆ ಕಾವು ಯಾಕಮ್ಮ? ಶಿವರಾತ್ರಿ ಆದಾಗ್ಲಿಂದ ತಾನಾಗೇ ಹುದುಗ್ತದೆ. ನಿನ್ನ ಕಾವಿಗಿಟ್ಟು ಹುಳೀನೇ ಆಗೋಯ್ತು."

"ಮತ್ಯಾಕೆ ದಿನಾ ಅರೆದ್ರಿ?"

"ಅರೀದಿದ್ರೆ ನೀನು ಆ ಲ್ಯಾಪ್‌ಟಾಪ್ನ ಮುಚ್ಚಿಟ್ಬುಡ್ತಿದ್ದೆ."

ಅವರನ್ನು ತಬ್ಬಿಕೊಂಡು ಗಳಗಳನೆ ಅತ್ತುಬಿಟ್ಟೆ. "ಬುಡಮ್ಮ, ಬುಡು, ಒಲೆ ಮೇಲೆ ಇಡ್ಲಿ ಇದೆ" ಎಂದರು, ತಾವೂ ಬಿಡದೆ.