ಎಲ್ಲರ ಟೀವಿಯಲ್ಲಿ ಸುಮಿತ್ರಾಬಾಯಿ

ಆ ಭಾನುವಾರ ಕ್ರಿಕೆಟ್ ಮ್ಯಾಚ್ ನಡೆಯುತ್ತಿದ್ದಾಗ ನಮ್ಮ ಬಿಲ್ಡಿಂಗಿನ ಟೀವಿಗಳಲ್ಲೆಲ್ಲ ಆಟಗಾರರ ಮೈಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ಸುಮಿತ್ರಾ, ಸುಮಿತ್ರಾ’ ಎಂದು ಸಾಲುಸಾಲಾಗಿ ಮೂಡತೊಡಗಿತು. ಮಸುಕಾಗಿತ್ತು, ನಡುಗುತ್ತಿತ್ತು, ಆದರೂ ಓದಲು ಬರುತ್ತಿತ್ತು. ಕಾಣೆಯಾದವರ ಪ್ರಕಟಣೆ ಮ್ಯಾಚಿನ ನಡುವೆ ತಪ್ಪಿ ಬಂದಿದೆ ಎಂದುಕೊಂಡರು ನಮ್ಮ ಜನ. ಪಾಪ, ಯಾರ ಮನೆ ಹುಡುಗಿಯೋ ಎಂದು ಕೆಳಗಿನ ಮನೆಯ ಅಜ್ಜಿ ಮರುಗಿದ್ದೂ ಆಯಿತು. ಸುಮಿತ್ರಾ ಎಲ್ಲಿಯೂ ಕಾಣೆಯಾಗಿರಲಿಲ್ಲ. ಮೂರನೇ ಮಹಡಿಯಲ್ಲಿ ತಮ್ಮ ಮನೆಯ ಟೀವಿಯ ಮುಂದೆ ಕೂತಿದ್ದರು. ಇಷ್ಟು ವರ್ಷ ಅದೇ ಮೆಟ್ಟಿಲು ಹತ್ತಿಳಿದ ಹೆಂಗಸಿನ ಹೆಸರು ನನ್ನೊಬ್ಬಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲವಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅವರು ಬರೀ ‘ಕುಲಕರ್ಣಿ ವಹಿನಿ’, ಮರಾಠಿಯಲ್ಲಿ ಅತ್ತಿಗೆ. ಗಂಡ ಗುರುರಾಯರಿಗೆ ಅವರು ‘ಇಕಿ’. ಧಾರವಾಡದಿಂದ ಮದುವೆಯಾಗಿ ಬಂದವರು, ಫೋರ್ಟ್‌ನ ಒಂದು ಆಫೀಸಿನಲ್ಲಿ ಟೈಪಿಸ್ಟ್. ನಾನು ಮೈಸೂರಿನ ಕಡೆಯವಳು, ಬ್ಯಾಂಕಿನ ಗುಮಾಸ್ತೆ. ಇಬ್ಬರೂ ವಡಾಲದಲ್ಲಿ ಒಂದೇ ಲೋಕಲ್ ಹತ್ತುತ್ತಿದ್ದೆವು. ನನ್ನ ಕನ್ನಡ ಕೇಳಿ ನಗುತ್ತಿದ್ದರು, ಅವರ ಕನ್ನಡ ಕೇಳಿ ನಾನು. ಹಾಲು ಉಕ್ಕಲಿ, ಟ್ರೇನ್ ತಪ್ಪಲಿ, ಅವರ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: “ಆತು, ಮುಂದ?” ಕೂತಲ್ಲಿ ಸುಮ್ಮನಿರುವ ಜೀವವಲ್ಲ. ಟ್ರೇನಿನಲ್ಲಿ ನಿಂತುಕೊಂಡೇ ಪರ್ಸಿನ ಮೇಲೆ ಬೆರಳಾಡಿಸಿ, ಎದುರಿನ ಜಾಹೀರಾತನ್ನು ಟೈಪ್ ಮಾಡಿ ಮುಗಿಸುತ್ತಿದ್ದರು.

ಅವರ ಆಫೀಸಿಗೆ ಕಂಪ್ಯೂಟರ್ ಬರುವುದೆಂದಾಯಿತು. ಟೈಪಿಸ್ಟರಿಗೆಲ್ಲ ಒಂದು ಪರೀಕ್ಷೆ. ಪಾಸಾದವರು ಹೊಸ ವಿಭಾಗಕ್ಕೆ, ಉಳಿದವರು ಜೋಗೇಶ್ವರಿಯ ಗೋದಾಮಿಗೆ, ಲಕೋಟೆಗೆ ಗೋಂದು ಹಚ್ಚುವುದಕ್ಕೆ. ಇಷ್ಟು ವರ್ಷ ಕಲಿತ ಕೈ ಗೋಂದಿನಲ್ಲಿ ಮುಳುಗುವುದು ಸುಮಿತ್ರಾಬಾಯಿಗೆ ಸುತರಾಂ ಬೇಕಿರಲಿಲ್ಲ. ಮಸ್ಕತ್‌ನಲ್ಲಿದ್ದ ತಮ್ಮನಿಗೆ ಹೇಳಿ ಒಂದು ಪುಟ್ಟ ಕಂಪ್ಯೂಟರ್ ತರಿಸಿಕೊಂಡರು. ಕಂಪ್ಯೂಟರ್ ಎಂದರೆ ಬರೀ ಕೀಲಿಮಣೆ. ಅಕ್ಷರ ಕಾಣಬೇಕಾದರೆ ಟೀವಿಗೆ ಜೋಡಿಸಬೇಕು.

ಗುರುರಾಯರು ಒಪ್ಪಿದರು, ಒಂದು ಅಪ್ಪಣೆಯ ಸಮೇತ. ಆಂಟೆನಾ ತಂತಿಯನ್ನು ಕೀಳಕೂಡದು, ಕಿತ್ತು ಸಿಕ್ಕಿಸಿ ಮಾಡಿದರೆ ಟೀವಿ ಕೆಡುತ್ತದೆ. ಟೀವಿ ಬಂದದ್ದು ಹೆಂಡತಿಯ ಬೋನಸ್ಸಿನಲ್ಲಿ, ಅಪ್ಪಣೆ ಮಾತ್ರ ಇವರದು! ಅದಕ್ಕಾಗಿ ಆಂಟೆನಾದ್ದು, ಕಂಪ್ಯೂಟರಿನದು ಎರಡೂ ತಂತಿ ಒಟ್ಟಿಗೆ ಸೇರುವಂಥ ಒಂದು ಜೋಡಿಕೆ ತಂದು ಹಾಕಿದರು ಪಾಪದ ಹೆಂಗಸು. ತಾರಸಿಯ ಆಂಟೆನಾ ಬಿಲ್ಡಿಂಗಿಗೆಲ್ಲ ಒಂದೇ. ಗಂಡ ಮದುವೆಮನೆಗೆ ಹೋದ ಆ ಭಾನುವಾರ ಅವರು ಕಂಪ್ಯೂಟರಿಗೆ ತಮ್ಮ ಹೆಸರು ಬರೆಯುವುದನ್ನು ಕಲಿಸಿದರು. ಹೆಸರು ಅದೇ ತಂತಿ ಹಿಡಿದು ಮೇಲೆ ಹೋಗಿ ಎಲ್ಲರ ಮನೆಗೂ ಇಳಿಯಿತು.

ತಂತಿ ಹಿಡಿದು ಹುಡುಕುತ್ತ ಜನ ಅವರ ಬಾಗಿಲಿಗೇ ಬಂದರು. ಬಿಲ್ಡಿಂಗಿನ ಕಮಿಟಿ ಮೀಟಿಂಗ್ ಸೇರಿದ್ದೂ ಅವರ ಮನೆಯಲ್ಲೇ. ಕುರ್ಚಿ ಅವರದು, ಚಹಾ ಅವರದು. ಆಂಟೆನಾ ತಂತಿ ಕಿತ್ತಿಟ್ಟು ಕಲಿಯುತ್ತೇನೆ, ಆಗ ಯಾರಿಗೂ ತೊಂದರೆಯಾಗದು ಎಂದು ಸುಮಿತ್ರಾಬಾಯಿ ಸ್ಪಷ್ಟವಾಗಿ ಹೇಳಿದರು. ಮುಗಿಯಿತಲ್ಲ? ಇಲ್ಲ. ಹೆಂಗಸಿಗೆ ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದರು ಕಾರ್ಯದರ್ಶಿ ಸಾವಂತರು. ಸಂಜೆ ನಾವೆಲ್ಲ ಎಲ್ಲಿ ಸಿನಿಮಾ ನೋಡುವುದು ಎಂದರು ಇನ್ನೊಬ್ಬರು. ಬಣ್ಣದ ಟೀವಿ ಅವರದೊಂದೇ ಇತ್ತು, ಅದನ್ನು ತಮ್ಮದೇ ಎಂದುಕೊಂಡಿದ್ದರು ಈ ಮಹಾಶಯರು. ಬೇಡ ಎನ್ನುವವರು ಕೈ ಎತ್ತಿ ಎಂದಾಗ ನಮ್ಮಿಬ್ಬರನ್ನು ಬಿಟ್ಟು ಎಲ್ಲರ ಕೈಗಳೂ ಎದ್ದವು. ಗುರುರಾಯರ ಕೈಯೂ ಎದ್ದಿತು! ತಂತಿ ಕೀಳಬೇಡ ಎಂದವರೇ ಅವರಲ್ಲವೇ ಎಂದು ನಾನು ಕೂಗಿದೆ. ನಿಮ್ಮ ಮನೆಯಲ್ಲಿ ಟೀವಿಯೇ ಇಲ್ಲ, ನೀವ್ಯಾಕೆ ನಡುವೆ ಎಂದರು ಸಾವಂತರು. ಇದ್ದಿದ್ದರೆ ಅವತ್ತೇ ಹೊತ್ತು ತಂದು ಅವರಿಗೆ ಕೊಡುತ್ತಿದ್ದೆ.

ಸುಮಿತ್ರಾಬಾಯಿ ಕಪ್ಪುಗಳನ್ನೆತ್ತಿಕೊಂಡು ಒಳಗೆ ಹೋದರು. ಮರುದಿನ ಸಂಜೆ ನಾನು ಹೋದಾಗ ನಡುಮನೆಯಲ್ಲಿ ಸಿನಿಮಾ, ಜನ. ಅವರು ಅಡುಗೆಮನೆಯ ಕಟ್ಟೆಯ ಮೇಲೆ ಕೀಲಿಮಣೆ ಇಟ್ಟುಕೊಂಡು, ಪಕ್ಕದಲ್ಲಿ ತಮ್ಮ ಕಳಿಸಿದ ಪುಸ್ತಕ ತೆರೆದು, ಬೆರಳೊತ್ತುತ್ತಿದ್ದರು. ಎದುರಿಗೆ ಪರದೆ ಇಲ್ಲ, ಬರೀ ಗೋಡೆ. ಬರೆದದ್ದು ಸರಿಯೋ ತಪ್ಪೋ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

“ತಪ್ಪಾದ್ರ ಕೈಗೇ ಗೊತ್ತಾಗತದ. ಟೈಪ್ ಮಾಡೂವಾಗ ಎಂದಾದ್ರೂ ಹಾಳಿ ನೋಡೇನೇನ?” ಎಂದರು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಪರೀಕ್ಷೆಯ ದಿನದವರೆಗೂ ಹಾಗೆಯೇ ಕಲಿತರು. ಪಾಸಾದರು, ಹೊಸ ವಿಭಾಗಕ್ಕೆ ಹೋದರು. ಗುರುರಾಯರು ಬಿಲ್ಡಿಂಗಿಗೆಲ್ಲ ಪೇಡೆ ಹಂಚಿದರು. ಹಂಚುತ್ತ ಏನೆಂದರು ಗೊತ್ತೇ? “ನಮ್ಮ ಟೀವಿ ಮ್ಯಾಲನ ಕಲತಾಳ ನೋಡ್ರಿ.” ನನಗೆ ಕೊಟ್ಟ ಪೇಡೆಯನ್ನು ಅವರ ಕೈಗೇ ವಾಪಸು ಇಟ್ಟುಬಂದೆ.

ಇಸವಿ ತೊಂಬತ್ತು ದಾಟಿದ ಮೇಲೆ ಗುರುರಾಯರು ನಿವೃತ್ತರಾಗಿ ಕ್ವಾರ್ಟರ್ಸ್ ಬಿಡಬೇಕಾಯಿತು. ತಾರಸಿಯಲ್ಲಿ ಬೀಳ್ಕೊಡುಗೆ. ನಮ್ಮ ಬಿಲ್ಡಿಂಗಿನ ಟೀವಿ ಒಬ್ಬ ಹೆಣ್ಣುಮಗಳನ್ನು ಕಂಪ್ಯೂಟರ್ ಆಪರೇಟರ್ ಮಾಡಿತು ಎಂದು ಸಾವಂತರು ಭಾಷಣ ಬಿಗಿದರು. ಗುರುರಾಯರು ತಲೆದೂಗಿದರು. ಎರಡು ಮಾತಾಡಿ ಎಂದಾಗ ಸುಮಿತ್ರಾಬಾಯಿ ಎದ್ದರು.

“ನನಗ ಟೀವಿ ಕಲಸಲಿಲ್ಲ. ನೀವೆಲ್ಲಾ ನಮ್ಮನ್ಯಾಗ ಕುಂತು, ಚಾ ಕುಡದು, ಬ್ಯಾಡ ಅಂತ ಕೈ ಎತ್ತಿದ್ರಿ. ಇವ್ರೂ ಎತ್ತಿದ್ರು. ನಾ ಗ್ವಾಡಿ ನೋಡಿ ಕಲತೆ.”

ಕನ್ನಡ ಬಾರದ ಸಾವಂತರಿಗೆ ತಪ್ಪಿಹೋಗದಿರಲೆಂದು ಅದನ್ನೇ ಹಿಂದಿಯಲ್ಲಿ ಇನ್ನೊಮ್ಮೆ, ಅಷ್ಟೇ ಶಾಂತವಾಗಿ ಹೇಳಿದರು. ಇಕೀದು ಚ್ಯಾಷ್ಟಿ ಎಂದು ಗುರುರಾಯರು ನಗಲು ನೋಡಿದರು.

“ಚ್ಯಾಷ್ಟಿ ಅಲ್ಲ,” ಎಂದು ಕೂತರು. ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ.

ಮರುದಿನ ಅವರು ಹೊರಟರು. ಅವರ ಹೊಸ ಮನೆ ದೂರ, ಲೋಕಲ್ಲಿನ ಲೈನೂ ಬೇರೆ, ಮತ್ತೆ ಭೇಟಿಯಾಗಲಿಲ್ಲ. ಈಗ ಅವರಿಲ್ಲ ಎಂದು ಯಾರೋ ಹೇಳಿದರು. ನಮ್ಮ ಬಿಲ್ಡಿಂಗಿಗೆ ಹೊಸಬರು ಬಂದಾಗೆಲ್ಲ ಸಾವಂತರು ಆ ಟೀವಿಯ ಕಥೆಯನ್ನು ಹಳೆಯ ಧಾಟಿಯಲ್ಲೇ ಹೇಳಿದರು. ಅವರು ಮುಗಿಸುವವರೆಗೆ ತಡೆದುಕೊಂಡಿದ್ದು, ಅವತ್ತು ಕೈ ಎತ್ತಿದವರ ಹೆಸರುಗಳನ್ನು ನಾನು ಒಂದೊಂದಾಗಿ ಹೇಳಿದೆ. ಪ್ರತಿ ಸಲವೂ ಸಾವಂತರಿಂದಲೇ ಶುರುಮಾಡಿದೆ.