ಕಾಟೇಜಿನಲ್ಲಿ ಉಕ್ಕಿದ ಹಾಲು

ನಾನು ಚಿಕ್ಕವನಿದ್ದಾಗ ಒಂದು ಬೇಸಿಗೆ ಪೂರ್ತಿ ಯಾರೂ ಯಾರ ಮನೆಗೂ ಹೋಗಲಿಲ್ಲ. ಅದು ಎರಡು ಸಾವಿರದ ಇಪ್ಪತ್ತನೆಯ ಇಸವಿ. ಲೋಕವೆಲ್ಲ ಒಂದು ರೋಗಕ್ಕೆ ಹೆದರಿ ಬಾಗಿಲು ಹಾಕಿಕೊಂಡು ಕೂತಿತ್ತು. ನನಗೆ ಆಗ ಏಳು ವರ್ಷ. ಅಪ್ಪ, ಅಮ್ಮ, ಹದಿನಾಲ್ಕು ವರ್ಷದ ಅಕ್ಕ ಮತ್ತು ನಾನು ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿದ್ದೆವು. ಶಾಲೆ ಕಂಪ್ಯೂಟರಿನೊಳಗೆ ಹೋಗಿ ಸೇರಿಕೊಂಡಿತ್ತು, ಗೆಳೆಯರೂ ಅದರೊಳಗೇ ಇದ್ದರು. ರಸ್ತೆಯಲ್ಲಿ ಯಾರಾದರೂ ಎದುರಾದರೆ ನಾವು ಆಚೆ ಬದಿಗೆ ದಾಟುತ್ತಿದ್ದೆವು. ಮಾತಾಡಿಸುವವರಿಲ್ಲದೆ ನಾನು ಗ್ಯಾರೇಜಿನಲ್ಲಿ ನನ್ನ ಸೈಕಲ್ಲಿನ ಜೊತೆ ಮಾತಾಡುತ್ತಿದ್ದೆ. ನಗಬೇಡಿ ಮಕ್ಕಳೇ. ನಿಮಗಿಂತ ಅದು ಎಷ್ಟೋ ವಾಸಿ, ಮಧ್ಯೆ ಬಾಯಿ ಹಾಕುತ್ತಿರಲಿಲ್ಲ.

ಆ ಬೇಸಿಗೆಗೆ ಧಾರವಾಡದಿಂದ ಅಜ್ಜಿ ಬರಬೇಕಾಗಿತ್ತು. ಟಿಕೆಟ್ಟೂ ಆಗಿತ್ತು. ಅಷ್ಟರಲ್ಲಿ ವಿಮಾನಗಳು ನಿಂತುಹೋದವು. ದಿನಾ ಬೆಳಿಗ್ಗೆ ನಾನು ತಿಂಡಿ ತಿನ್ನುವ ಹೊತ್ತಿಗೆ ಅಜ್ಜಿ ಫೋನಿನಲ್ಲಿ ಕಾಣಿಸಿಕೊಳ್ಳುತ್ತಿದ್ದಳು, ಅಲ್ಲಿ ಅವಳು ದೇವರಿಗೆ ಸಂಜೆಯ ದೀಪ ಹಚ್ಚುತ್ತಿರುತ್ತಿದ್ದಳು. ಒಂದು ದಿನ ಹೇಳಿದಳು, "ವಿಮಾನ ಚಾಲೂ ಆದ ಕೂಡ್ಲೆ ಬರ್ತೇನಿ. ಆದ್ರ ಬಾಗಲಾ ನೀನ ತಗೀಬೇಕು ನೋಡು. ಮತ್ತ್ಯಾರೂ ತಗಿಯೂ ಹಂಗಿಲ್ಲ." ನಾನು ಪ್ರಾಮಿಸ್ ಮಾಡಿದೆ. ಕ್ಯಾರಿಯಲ್ಲಿ ನಾವೆಲ್ಲ ಗ್ಯಾರೇಜಿನಿಂದಲೇ ಒಳಗೆ ಬರುವವರು, ಮುಂಬಾಗಿಲು ಸುಮ್ಮನೆ ಅಂದಕ್ಕೆ. ಹಾಗಾಗಿ ದಿನಾ ಒಮ್ಮೆ ಆ ಬಾಗಿಲನ್ನು ತೆಗೆದು, ಮುಚ್ಚಿ ನೋಡುತ್ತಿದ್ದೆ, ಬಿಗಿಯಾಗಿಬಿಟ್ಟರೆ ಏನು ಗತಿ ಅಂತ.

ಜುಲೈಯಲ್ಲಿ ಅಪ್ಪನಿಗೆ ಮನೆಯ ಗೋಡೆಗಳು ಬೇಸರವಾದವು. ಗುಡ್ಡಗಾಡಿನಲ್ಲಿ ಒಂದು ಕಾಟೇಜನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದ. ಕ್ಯಾರಿಯಿಂದ ಪಶ್ಚಿಮಕ್ಕೆ ನಾಲ್ಕು ತಾಸಿನ ದಾರಿ. ಎಷ್ಟು ದಿನಕ್ಕೆ ಹೋಗುತ್ತಿದ್ದೇವೆಂದು ನನಗೆ ಯಾರೂ ಹೇಳಲಿಲ್ಲ. ಸಣ್ಣವರಿಗೆ ಹೇಳಬೇಕೆಂದು ದೊಡ್ಡವರಿಗೆ ಹೊಳೆಯುವುದೇ ಇಲ್ಲ. ಅಮ್ಮ ಮಾತ್ರ ಮನೆ ಎತ್ತಿಕೊಂಡೇ ಹೊರಟಳು: ಕುಕ್ಕರು, ಅಕ್ಕಿ, ಮಸಾಲೆ ಡಬ್ಬಿ, ರುಬ್ಬಿದ ದೋಸೆ ಹಿಟ್ಟು, ನಮ್ಮ ನಮ್ಮ ದಿಂಬು, ಪುಟ್ಟ ಗಣಪತಿ ಫೋಟೋ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಈ ಬೆಟ್ಟ ಹತ್ತಿರ ಹೋದರೂ ಚಂದವೇ ಇತ್ತು. ಕಾಟೇಜಿಗೆ ಕಲ್ಲಿನ ಚಿಮಣಿ, ಬಿಳಿ ಕಿಟಕಿಗಳು, ಜಗಲಿಯ ಮೇಲೆ ಎರಡು ತೂಗುಕುರ್ಚಿ, ಮೆಟ್ಟಿಲ ಬದಿಯಲ್ಲಿ ನೀಲಿ ಹೂಗೊಂಚಲು. ಹಿಂದೆ ಹಳ್ಳವೊಂದು ಹರಿಯುವ ಸದ್ದು. "ಫೋಟೋದಾಗ ಇದ್ದಂಗ ಅದ ನೋಡ್ರಿ!" ಎಂದು ಅಪ್ಪ ಹಿಗ್ಗಿದ. ಅಮ್ಮ ಹಿಗ್ಗಲಿಲ್ಲ. ಮಾಸ್ಕ್ ಹಾಕಿಕೊಂಡು ಬಾಗಿಲ ಹಿಡಿಕೆ, ಸ್ವಿಚ್ಚು, ನಲ್ಲಿ ಎಲ್ಲವನ್ನೂ ಒರೆಸಿದಳು. ಒಳಗೆಲ್ಲ ಹಳೆಯ ಮರದ ವಾಸನೆ, ಅದರ ಮೇಲೆ ಸ್ಯಾನಿಟೈಸರಿನ ಘಾಟು.

ಒರೆಸುವುದು ಮುಗಿದ ಮೇಲೆ ಅಮ್ಮ ಮನೆಯಿಂದ ತಂದ ಸಣ್ಣ ಪಾತ್ರೆಯಲ್ಲಿ ಹಾಲು ಇಟ್ಟಳು. ಹಾಲು ಏರಿತು, ಉಕ್ಕಿತು, ಒಲೆಯ ಮೇಲೆ ಚುಂಯ್ ಎಂದು ಸುರಿಯಿತು. ಅಮ್ಮ ಆರಿಸಲಿಲ್ಲ, ಕೈ ಮುಗಿದಳು. ಕರಟಿದ ಹಾಲಿನ ಹೊಗೆಗೆ ಚಾವಣಿಯ ಅಲಾರಮ್ಮು ಕಿರುಚಿಕೊಂಡಿತು. ಅಪ್ಪ ಟವೆಲ್ ಬೀಸುತ್ತ, "ಬಾಡಿಗೀ ಮನ್ಯಾಗ ಇದೆಲ್ಲಾ ಯಾಕ?" ಎಂದ. "ನಾಕು ತಿಂಗಳಾದ ಮ್ಯಾಲೆ ಹೊಸ್ತಿಲಾ ದಾಟೀವಿ. ಒಳ್ಳೇದಾಗ್ಲಿ ಅಂತ," ಎಂದಳು ಅಮ್ಮ.

ಹಾಲು ಉಕ್ಕಿಸಿದ್ದನ್ನು ನಾನು ಅದಕ್ಕೆ ಮೊದಲು ಒಂದೇ ಸಲ ನೋಡಿದ್ದೆ, ನಾಲ್ಕು ವರ್ಷದವನಿದ್ದಾಗ. ಆಗ ಅಪಾರ್ಟ್‌ಮೆಂಟಿನಿಂದ ಕ್ಯಾರಿಯ ಮನೆಗೆ ಬಂದೆವು, ಅಜ್ಜಿಯೇ ಬಂದು ಹಾಲು ಉಕ್ಕಿಸಿದಳು, ನಾವು ಮತ್ತೆಂದೂ ಅಪಾರ್ಟ್‌ಮೆಂಟಿಗೆ ಹಿಂತಿರುಗಲಿಲ್ಲ. ಪಕ್ಕದ ಬಾಗಿಲಿನ ನನ್ನ ಗೆಳೆಯನನ್ನೂ ಮತ್ತೆ ಕಾಣಲಿಲ್ಲ. ಹಾಲು ಉಕ್ಕಿತು ಅಂದರೆ ಹಳೆಯ ಮನೆ ಮುಗಿಯಿತು ಎಂದೇ ನನ್ನ ಲೆಕ್ಕ. ಕುಕ್ಕರು ಬಂದಿತ್ತು, ದಿಂಬು ಬಂದಿತ್ತು, ಗಣಪತಿಯೂ ಬಂದಿದ್ದ. ಇನ್ನೇನು ಉಳಿಯಿತು?

ಅಕ್ಕ ಜಗಲಿಯಲ್ಲಿ ಫೋನನ್ನು ಆಕಾಶಕ್ಕೆ ಹಿಡಿದು ನಿಂತಿದ್ದಳು. "ಅಕ್ಕಾ, ನಾವಿನ್ನ ಇಲ್ಲೇನಾ?" ಎಂದು ಕೇಳಿದೆ.

"ಅನ್‌ಫಾರ್ಚುನೇಟ್ಲಿ. ನೋ ಸಿಗ್ನಲ್, ನೋ ವೈಫೈ, ಫಾರೆವರ್," ಎಂದಳು, ನನ್ನ ಕಡೆ ನೋಡದೆ.

ಅಜ್ಜಿ ಕ್ಯಾರಿಗೆ ಬರುತ್ತಾಳೆ, ಬೆಲ್ ಒತ್ತುತ್ತಾಳೆ. ಯಾರೂ ತೆಗೆಯುವುದಿಲ್ಲ. ಫೋನ್ ಮಾಡಿದರೆ ಇಲ್ಲಿ ಸಿಗ್ನಲ್ ಇಲ್ಲ. ಕಾಗದ ತೆಗೆದು ಬಂದ ದಾರಿಯನ್ನೆಲ್ಲ ಬರೆದೆ: ನಮ್ಮ ಮನೆ, ಹೈವೇ, ನೀರಿನ ಟ್ಯಾಂಕು, ಪೀಚ್ ಹಣ್ಣಿನ ಅಂಗಡಿ, ಸೇತುವೆ, ಚಿಮಣಿ. ಕೆಳಗೆ ವಕ್ರವಕ್ರವಾದ ಕನ್ನಡದಲ್ಲಿ, "ಅಜ್ಜಿ, ಇಲ್ಲಿ ಬಾ" ಎಂದೆ. ಮೇಲೆ ವಿಳಾಸ: ಅಜ್ಜಿ, ಧಾರವಾಡ.

ಜಲ್ಲಿಕಲ್ಲಿನ ದಾರಿಯ ಕೊನೆಯಲ್ಲಿ ಕಂಬದ ಮೇಲೊಂದು ತಗಡಿನ ಅಂಚೆಪೆಟ್ಟಿಗೆ ಇತ್ತು. ಪಕ್ಕದ ಕೆಂಪು ಬಾವುಟ ಎತ್ತಿ ನಿಲ್ಲಿಸಿದರೆ ಟಪಾಲಿನವರು ನಿಂತು ಒಳಗಿನ ಕಾಗದ ಒಯ್ಯುತ್ತಾರೆ. ಕಾಗದ ಹಾಕಿ, ಬಾವುಟ ಎತ್ತಿ, ಕಲ್ಲಿನ ಮೇಲೆ ಕೂತೆ. ಜೀರುಂಡೆಗಳು ಕಿವಿ ತೂತಾಗುವಂತೆ ಕೂಗುತ್ತಿದ್ದವು. ಬಹಳ ಹೊತ್ತಿಗೆ ಒಂದು ಪಿಕಪ್ ಟ್ರಕ್ ಬಂತು. ಓಡಿಸುತ್ತಿದ್ದ ಮುದುಕ ಕೈ ಎತ್ತಿದ. ನಾನು ಆರು ಅಡಿ ಹಿಂದೆ ಸರಿದು ನಿಂತೆ, ಹಾಗೇ ಕಲಿಸಿದ್ದರು. ಅವನು ಹೋದ ಮೇಲೆ, ಕೈ ಎತ್ತಬೇಕಿತ್ತು ಅನ್ನಿಸಿತು. ಆಮೇಲೆ ಯಾರೂ ಬರಲಿಲ್ಲ. ಅಷ್ಟು ಚಂದದ ಜಾಗದಲ್ಲಿ ಅಷ್ಟು ಒಂಟಿಯಾಗಿ ನಾನು ಮತ್ತೆಂದೂ ಕೂತಿಲ್ಲ.

ಹೊತ್ತು ಇಳಿಯುವಾಗ ಅಪ್ಪ ಓಡಿಬಂದ. "ಎಲ್ಲೆಲ್ಲಿ ಹುಡುಕೋದೋ ನಿನ್ನ! ಹಳ್ಳದ ತನಕಾ ಹೋಗಿ ಬಂದೆ. ಇಲ್ಲೇನ್ ಮಾಡಾಕತ್ತೀ?"

"ಮೇಲ್ ಟ್ರಕ್‌ಗೆ ವೇಟ್ ಮಾಡಾಕತ್ತೀನಿ. ಅಜ್ಜಿಗೆ ನಮ್ಮ ನ್ಯೂ ಹೌಸ್ ಗೊತ್ತಿಲ್ಲ," ಎಂದೆ. ಅಲ್ಲಿಗೆ ಅಳು ಒತ್ತರಿಸಿ ಬಂತು.

ಅಪ್ಪ ಪೆಟ್ಟಿಗೆ ತೆರೆದ. ಒಳಗೆ ಒಣಗಿದ ಎಲೆ, ಜೇಡರ ಬಲೆ, ನನ್ನ ಕಾಗದ. ಅದು ಬರೀ ಚಂದಕ್ಕೆ ನೆಟ್ಟ ಪೆಟ್ಟಿಗೆಯಂತೆ. "ಒಂದ ವಾರಕ್ಕ ಬಂದೀವೋ ಹುಚ್ಚಪ್ಪಾ," ಎಂದವನು ಕಾಗದ ಓದಿದ, ಮತ್ತೊಮ್ಮೆ ಓದಿದ. ಅಜ್ಜಿ ಅವನ ಅಮ್ಮನಲ್ಲವೇ. ಕಾಗದವನ್ನು ಜೇಬಿಗೆ ಹಾಕಿಕೊಂಡು ನನ್ನನ್ನು ಕಾರಿನಲ್ಲಿ ಕೂರಿಸಿ, ಫೋನಿನಲ್ಲಿ ಎರಡು ಗೆರೆ ಮೂಡುವವರೆಗೂ ಗುಡ್ಡ ಹತ್ತಿಸಿದ. ಧಾರವಾಡದಲ್ಲಿ ಆಗ ಬೆಳಗಾಗುತ್ತಿತ್ತು. ಎಲ್ಲ ಕೇಳಿ ಅಜ್ಜಿ ನಕ್ಕಳು. "ಎಲ್ಲೆರೆ ಇರು, ಬಾಗಲಾ ಮಾತ್ರ ನೀನ ತಗಿ," ಎಂದಳು. ಕೆಳಗೆ ಕಣಿವೆಯ ತುಂಬ ಮಿಂಚುಹುಳುಗಳು ಹೊತ್ತಿಕೊಳ್ಳುತ್ತಿದ್ದವು.

ಅಜ್ಜಿ ಬಂದದ್ದು ಮೂರು ವರ್ಷದ ಮೇಲೆ. ಅಪ್ಪ ಏರ್‌ಪೋರ್ಟಿನಿಂದ ಕರೆತಂದು ಗ್ಯಾರೇಜ್ ತೆರೆದ. ಅಜ್ಜಿ ಒಳಗೆ ಬರಲಿಲ್ಲ. ಕೋಲೂರಿಕೊಂಡು ಸುತ್ತಿ ಬಂದು ಮುಂಬಾಗಿಲ ಎದುರು ನಿಂತು ಬೆಲ್ ಒತ್ತಿದಳು. ಅಪ್ಪ ಕೀಲಿಕೈ ತೆಗೆದರೆ, "ತಡೀಪಾ, ಅಂವ ಬರ್ತಾನ," ಎಂದಳಂತೆ. ಮೂರು ಸಲ ಒತ್ತಿದಳಂತೆ. ನಾನು ಮಹಡಿಯ ಮೇಲೆ ಹೆಡ್‌ಫೋನ್ ಹಾಕಿಕೊಂಡು ಆಟದಲ್ಲಿ ಮುಳುಗಿದ್ದೆ. ಕೊನೆಗೆ ಅಕ್ಕ ಬಂದು ಹೆಡ್‌ಫೋನ್ ಕಿತ್ತಳು. ಬಿದ್ದೆನೋ ಎದ್ದೆನೋ ಎಂದು ಓಡಿ ಬಾಗಿಲು ತೆಗೆದಾಗ ಅಜ್ಜಿ ಕೋಲಿನ ಮೇಲೆ ಭಾರ ಹಾಕಿ ನಿಂತೇ ಇದ್ದಳು. "ತಗದೀ ಅಲಾ, ಸಾಕು ಬಿಡು," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮಕ್ಕಳೇ, ನಿಮ್ಮ ಮನೆಯ ಬಾಗಿಲಿಗೆ ಬಂದವರ ಮುಖ ಗೊತ್ತು, ತಾನೇ ತೆರೆದುಕೊಳ್ಳುತ್ತದೆ. ಯಾರೂ ಹೊರಗೆ ಕಾಯಬೇಕಿಲ್ಲ, ಯಾರೂ ಒಳಗಿಂದ ಓಡಿಬರಬೇಕಿಲ್ಲ. ನನ್ನ ಮನೆಗೆ ಬಂದಾಗ ಮಾತ್ರ ನೀವು ಬೆಲ್ ಒತ್ತಿ ನಿಲ್ಲಬೇಕು. "ಅಜ್ಜಾ, ನಿನ್ನ ಡೋರ್ ಯಾಕೆ ಇಷ್ಟು ಸ್ಲೋ?" ಎಂದು ಗೊಣಗುತ್ತೀರಿ. ಸ್ಲೋ ಇರುವುದು ಬಾಗಿಲಲ್ಲ, ನನ್ನ ಮೊಣಕಾಲು. ಸ್ವಲ್ಪ ನಿಲ್ಲಿ. ನಾನೇ ಬಂದು ತೆಗೆಯುತ್ತೇನೆ.