ಟೀಚರ್ ಮದರಂಗಿ ಹಚ್ಚಿದ ಇಲಿಗಳು

ಮೊನ್ನೆ ಚಟ್ನಿಪುಡಿಗೆಂದು ಒಲೆಯ ಮೇಲಿಟ್ಟ ಕೊಬ್ಬರಿ ಸುಟ್ಟುಹೋಯಿತು. ಕಿಟಕಿಗಳನ್ನೆಲ್ಲ ತೆರೆದರೂ ವಾಸನೆ ಹೋಗಲಿಲ್ಲ. ಕತಾರಿನ ದುಖಾನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೀಚರ್ ನೆನಪಾದರು.

ಎರಡು ಸಾವಿರದ ದಶಕದ ಮೊದಲ ವರ್ಷಗಳವು. ಗಂಡನಿಗೆ ತೈಲ ಕಂಪನಿಯಲ್ಲಿ ಕೆಲಸ, ಮಗಳಿಗೆ ಎಂಟು ತಿಂಗಳು. ನಾನು ಮೈಸೂರಿನವಳು. ಟೀಚರ್ ಉಡುಪಿ ಕಡೆಯವರು, ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ನಮ್ಮ ಮನೆಗಳ ಹಿಂದಿನ ಮರಳುದಿಬ್ಬದಲ್ಲಿ ಕಾಡು ಇಲಿಗಳ ಬಿಲಗಳಿದ್ದವು. ಸಂಜೆ ಬೋನಿಟ್ಟು, ಬೆಳಿಗ್ಗೆ ಸಿಕ್ಕಿದ ಇಲಿಯ ಬಿಳಿ ಹೊಟ್ಟೆಗೆ ಗುರುತಿಗೆಂದು ಮದರಂಗಿ ಹಚ್ಚಿ ಬಿಟ್ಟುಬಿಡುವುದು ಟೀಚರಿಗೆ ಒಂದು ಹುಚ್ಚು. ದಿಬ್ಬದಾಚೆ ಹೊಸದಾಗಿ ಡಾಂಬರು ರಸ್ತೆ ಬಂದಿತ್ತು. ಇಲಿಗಳು ಅದನ್ನು ದಾಟುತ್ತವೆಯೇ ಎಂಬುದು ಅವರಿಗೆ ತಿಳಿಯಬೇಕಿತ್ತು. ಬೋನಿಗೆ ಸುಟ್ಟ ಕೊಬ್ಬರಿ, ನಮ್ಮೂರ ಪದ್ಧತಿಯಂತೆಯೇ. ಮೊದಲು ವಾರಗಟ್ಟಲೆ ಬರೀ ಕೊಬ್ಬರಿ ಚೆಲ್ಲಿ ರುಚಿ ಹತ್ತಿಸಿದ್ದರು.

"ಇದರ ಅಂಗಾಲು ನೋಡು ಮಾರಾಯ್ತಿ, ಅಡಿಯಲ್ಲಿಯೂ ಕೂದಲು. ಬಿಸಿ ಮರಳಿಗೆ ಚಪ್ಪಲಿ! ಹೀಗೆ ಆಗ್ಲಿಕ್ಕೆ ಎಷ್ಟು ಲಕ್ಷ ವರ್ಷ ಬೇಕಾಯ್ತೋ... ಬಿಲದಿಂದ ಬಿಲಕ್ಕೆ ನಡ್ಕೊಂಡೇ ಇಲ್ಲಿವರೆಗೆ ಬಂದದ್ದು ಇವು. ನಿನ್ನ ಅಡುಗೆಮನೆಯದ್ದು ಬೇರೆ ಜಾತಿ. ಅದು ಹಡಗಲ್ಲಿ ದೋಹಾಕ್ಕೆ ಬಂದು, ಲಾರಿ ಹತ್ತಿ ಇಲ್ಲಿಗೆ ಬಂದ ಪೋಕರಿ" ಎನ್ನುತ್ತಿದ್ದರು ಟೀಚರ್.

ನನಗೆ ಇಲಿ ಎಂದರೆ ಇಲಿಯೇ. ಅಕ್ಕಿ ಡಬ್ಬದ ಹಿಂದೆ ಹಿಕ್ಕೆ ಕಂಡಾಗ ಸಹಿಸಿಕೊಂಡಿದ್ದೆ. ಒಂದು ದಿನ ಮಗುವಿನ ತೊಟ್ಟಿಲ ಕೆಳಗೂ ಕಂಡಿತು. ಅವಳದೋ ಅಂಬೆಗಾಲಿಟ್ಟು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು. ದಿನಕ್ಕೆ ಹತ್ತು ಸಲ ನೆಲ ಒರೆಸಿದರೂ ಸಮಾಧಾನವಿರಲಿಲ್ಲ. "ಇಲಿ ಹೆದರಿಕೆಗೆ ಮನೆಗೇ ಬೆಂಕಿ ಹಾಕ್ಬೇಡ ಕಣೇ" ಎಂದು ಗಂಡ ನಗುತ್ತಿದ್ದರು. ಮಗುವಿರುವ ಮನೆಯೊಳಗೆ ಪಾಷಾಣ ಇಡುವಂತಿಲ್ಲ. ಅಮ್ಮ ಮಾಡುತ್ತಿದ್ದಂತೆ ಅದನ್ನು ಸುಟ್ಟ ಕೊಬ್ಬರಿಗೆ ಕಲಸಿ ಹಿತ್ತಲ ಗೋಡೆಯ ಆಚೆ ಇಟ್ಟೆ. ದಿಬ್ಬ ಎಷ್ಟು ಹತ್ತಿರವೆಂದು ಆಗ ಯೋಚಿಸಲೇ ಇಲ್ಲ.

ಮೂರನೆಯ ಬೆಳಿಗ್ಗೆ ಗೋಡೆಯ ಬುಡದಲ್ಲಿ ಐದು ಸತ್ತು ಬಿದ್ದಿದ್ದವು. ಬಂಗಾರದ ಬಣ್ಣದ ಮೈ, ಬಿಳಿ ಹೊಟ್ಟೆಯ ಮೇಲೆ ಕೆಂಪು ಮದರಂಗಿ. ಟೀಚರ್ ಕಲಿಸಿದ ರುಚಿಯೇ ಅವನ್ನು ನನ್ನ ಗೋಡೆಯವರೆಗೆ ಕರೆತಂದಿತ್ತು. ಪೇಪರಿನಲ್ಲಿ ಸುತ್ತಿ ಕಸದ ಡಬ್ಬಕ್ಕೆ ಹಾಕಿದೆ. ಅಡುಗೆಮನೆಯ ಪೋಕರಿ ಮಾತ್ರ ಆರಾಮವಾಗಿ ಓಡಾಡಿಕೊಂಡಿತ್ತು.

ಅದೇ ಸಂಜೆ ಟೀಚರ್ ಬಾಗಿಲಿಗೆ ಬಂದರು. "ನನ್ನವು ಏನಾದ್ರೂ ಈ ಕಡೆ ಬಂದಿದ್ವಾ?"

"ಇಲ್ಲ ಟೀಚರ್, ನಾನು ನೋಡ್ಲಿಲ್ಲ."

ವಾರವಿಡೀ ಅವರ ಬೋನುಗಳು ಖಾಲಿ. ಉಳಿದವು ಬಿಲದೊಳಗೇ ಸತ್ತಿರಬೇಕು. ಆಮೇಲೊಂದು ದಿನ ಮುಖವೆಲ್ಲ ನಗುವಾಗಿ ಬಂದರು. "ಈಚೆ ಒಂದೂ ಇಲ್ಲ. ದಾಟಿವೆ ಮಾರಾಯ್ತಿ, ರಸ್ತೆ ದಾಟಿವೆ!"

ಬೋನುಗಳನ್ನು ರಸ್ತೆಯಾಚೆಗೆ ಹೊತ್ತುಕೊಂಡು ಹೋದರು. ದಿನಾ ಬೆಳಿಗ್ಗೆ ನಮ್ಮ ಕಿಟಕಿಯಿಂದ ಅವರ ಕೊಡೆ ಕಾಣುತ್ತಿತ್ತು, ಪೊದೆಯಿಂದ ಪೊದೆಗೆ. ಬೇಸಿಗೆ ಬಂದರೂ ನಿಲ್ಲಿಸಲಿಲ್ಲ. ಇವತ್ತು ಹೇಳಬೇಕು, ನಾಳೆ ಹೇಳಬೇಕು... ಅವರು ಬೆಲ್ ಬಾರಿಸಿದಾಗಲೆಲ್ಲ ಗೊತ್ತಾಗಿಬಿಟ್ಟಿತೇನೋ ಎಂದು ಬೆವರುತ್ತಿದ್ದೆ. ಹಾಗೇ ಒಂದು ವರ್ಷ ಕಳೆದು, ನಾವು ದೋಹಾ ಹತ್ತಿರದ ಐನ್ ಖಾಲಿದ್‌ಗೆ ಮನೆ ಬದಲಿಸಿದೆವು. ಹೊರಡುವಾಗ ಅವರು ಮಗಳ ಹಣೆಗೆ ಮುತ್ತಿಟ್ಟರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಕೊಬ್ಬರಿ ಸುಟ್ಟ ದಿನ ಧೈರ್ಯ ಮಾಡಿ ಉಡುಪಿಗೆ ಫೋನ್ ಮಾಡಿದೆ. ಅವರ ಮಗಳು ಎತ್ತಿದಳು.

"ಮಮ್ಮಿ ಹೋಗಿ ಎರಡು ವರ್ಷ ಆಯ್ತಲ್ಲ ಆಂಟಿ. ಕೊನೆವರೆಗೂ ಆ ಇಲಿಗಳದ್ದೇ ಮಾತು. ಆಚೆ ಬದಿಯಲ್ಲಿ ಒಂದೂ ಸಿಗ್ಲಿಲ್ಲ, ಆದ್ರೂ ದಾಟಿದ್ದು ಹೌದು ಅಂತಿದ್ರು. ಮಕ್ಕಳು ಅಜ್ಜಿ ಕಥೆ ಅಂತ ನಗಾಡ್ತಾರೆ. ನೀವು ಅಲ್ಲೇ ಇದ್ರಲ್ಲ, ನಿಜವಾಗ್ಲೂ ದಾಟಿದ್ವಾ?"

ಇಪ್ಪತ್ತು ವರ್ಷದಿಂದ ಹೇಳಬೇಕೆಂದಿದ್ದ ಮಾತು ನಾಲಿಗೆಯ ಮೇಲಿತ್ತು. ಅದನ್ನು ಕೇಳಬೇಕಾದವರೇ ಇರಲಿಲ್ಲ.

"ಹೌದಮ್ಮಾ," ಎಂದೆ. "ನಾನೇ ಕಣ್ಣಾರೆ ನೋಡಿದ್ದೀನಿ."